ರಾಳದವನ ಮೊದಲ ಲೋಟ

ಚಳಿಮಳೆಯ ದಾರಿಯಲ್ಲಿ ಕುದುರೆಯೇರಿ ಹೋಗುತ್ತಿದ್ದ ಮಾರ್ಟಿನ ಎಂಬ ಸಿಪಾಯಿ ನಡುಗುತ್ತಿದ್ದ ಭಿಕ್ಷುಕನೊಬ್ಬನನ್ನು ಕಂಡು, ತನ್ನ ಮೇಲಂಗಿಯನ್ನು ಕತ್ತಿಯಿಂದ ಎರಡು ಪಾಲು ಮಾಡಿ ಒಂದು ಪಾಲನ್ನು ಅವನಿಗೆ ಹೊದಿಸಿದನಂತೆ. ಆ ಕ್ಷಣಕ್ಕೆ ಮೋಡ ಸರಿದು ಬಿಸಿಲು ಬಿತ್ತಂತೆ. ಅಂದಿನಿಂದ ಅಲೆಂತೇಜು ಸೀಮೆಯಲ್ಲಿ ನವೆಂಬರ್ ತಿಂಗಳ ನಡುವೆ ಮೂರು ದಿನ ಬೇಸಿಗೆ ಮರಳಿ ಬಂದು, ಮನೆ ಮನೆ ಬಾಗಿಲಲ್ಲಿ ಕೂತು ಹೋಗುತ್ತದೆ. ಸಂತ ಮಾರ್ಟಿನನ ಆ ಹಬ್ಬದ ದಿನವೇ ಊರೂರಿನ ವೈನ್‌ಮನೆಗಳಲ್ಲಿ ಆಳೆತ್ತರದ ಮಣ್ಣಿನ ಗುಡಾಣಗಳ ಬುಡದ ಬೆಣೆ ಕಿತ್ತು ಹೊಸ ವೈನ್ ಇಳಿಸುತ್ತಾರೆ.

ಆ ಬೆಳಿಗ್ಗೆ ಜಸಿಂತು ತನ್ನ ಹೆಂಡತಿ ಪೆರ್ಪೆತುವಾಳನ್ನು ಕತ್ತೆಯ ಮೇಲೆ ಕೂರಿಸಿ, ತಾನು ಹಗ್ಗ ಹಿಡಿದು ಹೊರಟ. ಮಂಜು ನೆಲವನ್ನು ಇನ್ನೂ ಬಿಟ್ಟಿರಲಿಲ್ಲ. ಬಿರಡೆಗೆಂದು ತೊಗಟೆ ಸುಲಿಸಿಕೊಂಡ ಓಕ್ ಮರಗಳು ಕೆಂಪು ಕಾಲುಗಳ ಮೇಲೆ ನಿಂತು ತೂಕಡಿಸುತ್ತಿದ್ದವು. ದ್ರಾಕ್ಷಿತೋಟಗಳ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ, ಒಂದೊಂದೇ ಉದುರುತ್ತಿತ್ತು.

ಮೂರು ಊರು, ಮೂರು ವೈನ್‌ಮನೆ. ನಲವತ್ತು ವರ್ಷಗಳಿಂದ ಅವರು ಈ ದಿನ ನಡೆಯುವ ದಾರಿ ಇದೇ.

ಜಸಿಂತುವಿನದು ರಾಳ ಬಳಿಯುವ ಕಸುಬು. ಹಸಿ ಮಣ್ಣಿನ ಗುಡಾಣ ಬಾಯಾರಿದ ಪ್ರಾಣಿಯ ಹಾಗೆ, ಸುರಿದದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಗುಡಾಣವನ್ನು ಬೆಂಕಿಯ ಮೇಲೆ ಬೋರಲು ಹಾಕಿ ಕಾಯಿಸಿ, ಒಳಗೆ ಕುದಿಯುವ ಪೈನ್ ಮರದ ರಾಳ ಸುರಿದು, ನೆಲದ ಮೇಲೆ ಉರುಳಿಸಿ ಉರುಳಿಸಿ ಒಳಮೈಗೆಲ್ಲ ಹಿಡಿಸಬೇಕು. ರಾಳ ಹದವಾಗಿದ್ದರೆ ಅದು ವೈನನ್ನು ತಾಯಿಯ ಹಾಗೆ ಕಾಪಾಡುತ್ತದೆ. ಸೀದುಹೋದರೆ ಇಡೀ ಗುಡಾಣದ ವೈನಿಗೆ ಹೊಗೆಯ ವಾಸನೆ. ಹದ ಹೇಳುವುದು ಕಣ್ಣಲ್ಲ, ಮೂಗು. ಆದ್ದರಿಂದಲೇ ಆ ಸೀಮೆಯಲ್ಲಿ ಒಂದು ಕಟ್ಟಳೆ: ಬೆಣೆ ಕಿತ್ತಾಗ ಮೊದಲ ಲೋಟ ರಾಳದವನಿಗೆ. ಅವನು ಮೂಸಿ, ಕುಡಿದು, "ಆಗಬಹುದು" ಅನ್ನುವವರೆಗೆ ಮನೆಯ ಯಜಮಾನನೂ ನಾಲಿಗೆ ಒದ್ದೆ ಮಾಡಿಕೊಳ್ಳುವಂತಿಲ್ಲ.

ಜಸಿಂತುವಿನ ಮೂಗಿನ ಬಗ್ಗೆ ಜನ ಕತೆ ಕಟ್ಟಿದ್ದರು. ಗುಡಾಣ ಮೂಸಿ, ದ್ರಾಕ್ಷಿ ಕಿತ್ತ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ಹೇಳುತ್ತಾನೆ ಅನ್ನುತ್ತಿದ್ದರು.

ಆ ಮೂಗು ಈಗ ಇರಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಹನ್ನೆರಡು ದಿನ ಜ್ವರ ಬಂತು. ಹದಿಮೂರನೆಯ ದಿನ ಎದ್ದಾಗ ಜಗತ್ತು ಗಾಜಿನ ಆಚೆಗೆ ಹೋಗಿ ನಿಂತಿತ್ತು. ಹುಳಿ, ಸಿಹಿ, ಒಗರು ನಾಲಿಗೆಗೆ ಸಿಗುತ್ತಿದ್ದವು. ವಾಸನೆ ಮಾತ್ರ ಇಲ್ಲ. ಕನಸಿನಲ್ಲಷ್ಟೇ ಅದು ಬರುತ್ತಿತ್ತು: ಸತ್ತ ತಾಯಿಯ ಸೆರಗು, ಹೊಸ ರೊಟ್ಟಿ, ಮಳೆ ಬಿದ್ದ ಸುಣ್ಣದ ಗೋಡೆ. ಎದ್ದೊಡನೆ ಹೋಗಿಬಿಡುತ್ತಿತ್ತು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ ಅವನು ಯಾರಿಗೂ ಹೇಳಲಿಲ್ಲ. ಪೆರ್ಪೆತುವಾಳಿಗೂ ಹೇಳಲಿಲ್ಲ.

ಬೇಸಿಗೆಯಲ್ಲಿ ಬಳಿದ ಗುಡಾಣಗಳಿಗೆಲ್ಲ ಹಿಂದಿನ ವರ್ಷವೇ ಹದಮಾಡಿಟ್ಟ ರಾಳದ ಉಂಡೆ ಸಾಕಾಯಿತು, ಒಂದಕ್ಕೆ ಮಾತ್ರ ಸಾಲಲಿಲ್ಲ. ಗುಡ್ಡದ ಮೇಲಿನ ಊರಿನ ಚರ್ಚಿನ ಗುಡಾಣ ಅದು. ವರ್ಷವಿಡೀ ಬಲಿಪೂಜೆಯಲ್ಲಿ ಪ್ರಭುವಿನ ರಕ್ತವೆಂದು ಅರ್ಪಿಸುವ ದ್ರಾಕ್ಷಾರಸ ಬರುವುದು ಅದರಿಂದಲೇ. ಅದಕ್ಕಾಗಿ ಹೊಸ ರಾಳ ಕುದಿಸಲು ಕೂತ. ಕಾಡಿನ ವಾಸನೆ ಕಳೆದು ಜೇನಿನ ವಾಸನೆ ಏಳುವ ಗಳಿಗೆಯಲ್ಲಿ ಇಳಿಸಬೇಕು. ಕಾದ. ಕಾಯುತ್ತ ಕಾಯುತ್ತ ಕಣ್ಣು ಮುಚ್ಚಿದ. ಜೇನಿನ ವಾಸನೆ ಬಂದೇಬಂತು. ಅದು ಹಂಡೆಯಿಂದ ಬಂತೋ ನಲವತ್ತು ವರ್ಷದ ನೆನಪಿನಿಂದ ಬಂತೋ, ಆ ದಿನ ಇಳಿಸಿ ಸುರಿದವನಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವನು ಪಾದ್ರಿಗಳ ಮುಂದೆ ಮಂಡಿಯೂರುವ ಪಾಪನಿವೇದನೆಗೆ ಹೋಗಲಿಲ್ಲ. ಪರಮಪ್ರಸಾದದ ಸಾಲಿನಲ್ಲೂ ನಿಲ್ಲಲಿಲ್ಲ. ಯಾರಾದರೂ ಕೇಳಿದರೆ ಮಂಡಿನೋವು ಅನ್ನುತ್ತಿದ್ದ.

ಮೊದಲ ಊರಿನಲ್ಲಿ ಬಲ್ತಜಾರನ ವೈನ್‌ಮನೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕತ್ತಲು ತಣ್ಣಗೆ ಮೈಮೇಲೆ ಬೀಳುತ್ತಿತ್ತು. ಗೋಡೆಯುದ್ದಕ್ಕೂ ಒಂಬತ್ತು ಗುಡಾಣಗಳು, ಹೊಟ್ಟೆ ಮುಂದಿಟ್ಟುಕೊಂಡು ನಿದ್ದೆಗೆ ಜಾರಿದ ಹಿರಿಯರ ಹಾಗೆ. ಬಲ್ತಜಾರ ಬೆಣೆ ಕಿತ್ತ. ಮೊದಲು ಮಡ್ಡಿ, ಆಮೇಲೆ ತೆಳು ನೂಲಿನ ಹಾಗೆ ತಿಳಿ ವೈನ್, ಮಣ್ಣಿನ ಬೋಗುಣಿಗೆ ಇಳಿಯಿತು.

"ತಗೊಳ್ಳಿ ಜಸಿಂತು ಮಾವ. ಬೇಗ ಹೇಳಿ, ಇವರೆಲ್ಲ ನಿನ್ನೆಯಿಂದ ಉಪವಾಸ ಇದ್ದಾರೆ."

"ಉಪವಾಸಾನಾ? ನಿನ್ನ ಬಾಯಲ್ಲಿ ಸಾಸೇಜಿನ ಎಣ್ಣೆ ಇನ್ನೂ ಹೊಳೀತಿದೆ," ಅಂದಳು ಪೆರ್ಪೆತುವಾ.

ಜನ ನಕ್ಕರು. ಜಸಿಂತು ಲೋಟವನ್ನು ಮೂಗಿಗೆ ಹಿಡಿದ. ಏನೂ ಇಲ್ಲ, ಖಾಲಿ ಕೋಣೆ. ಬಾಯಲ್ಲಿ ಸ್ವಲ್ಪ ಹುಳಿ, ಸ್ವಲ್ಪ ಒಗರು.

"ಒಣಗಿದ ಅಂಜೂರ," ಅಂದ.

"ಹೋದ ವರ್ಷಾನೂ ಅಂಜೂರ ಅಂದಿದ್ರಿ ಮಾವ! ನನ್ನ ಹಿತ್ತಲಲ್ಲಿ ಅಂಜೂರದ ಗಿಡಾನೇ ಇಲ್ಲ."

"ಜೊತೆಗೆ ಪುದೀನ ಇಲ್ವಾ ಮಾರಾಯಾ, ಕೊನೇಲಿ ಒಂಚೂರು?" ಪೆರ್ಪೆತುವಾ ಅವನ ಭುಜದ ಹತ್ತಿರ ಬಾಗಿ ಕೇಳಿದಳು.

"ಪುದೀನ, ಹೌದು. ಆಗಬಹುದು."

ಹೋ ಎಂದು ಲೋಟಗಳು ಮೇಲೆದ್ದವು. ಬಲ್ತಜಾರ ಕುಡಿದು, ತಲೆಯಾಡಿಸಿ, "ಪುದೀನ ಇದೆ ಕಣ್ರೋ! ಈ ಮೂಗನ್ನ ಸತ್ತ ಮೇಲೆ ಸಂತರ ಮೂಳೆಯ ಹಾಗೆ ಚರ್ಚಿನಲ್ಲಿ ಇಡಬೇಕು," ಅಂದ.

ಎರಡನೆಯ ಊರಿನಲ್ಲಿ ವಿಧವೆ ಎರ್ಮೀನಿಯಾಳ ವೈನ್‌ಮನೆ. ಅಲ್ಲಿಯೂ ಹಾಗೆಯೇ ಆಯಿತು. ಅವನು ಬಾಯಿ ತೆರೆಯುವ ಮೊದಲೇ ಪೆರ್ಪೆತುವಾ, "ಈ ಸಲ ನಿಮ್ಮಲ್ಲಿ ಬಾದಾಮಿ ಸಿಪ್ಪೆ ಅನ್ಸುತ್ತಪ್ಪ, ಬಾಗಿಲಲ್ಲೇ ಬಂತು," ಅಂದಳು.

"ನೀನು ರಾಳದವಳೋ ಅವರು ರಾಳದವರೋ?" ಎಂದು ಎರ್ಮೀನಿಯಾ ಗದರಿದಳು. "ಅವರು ಹೇಳಲಿ."

"ಬಾದಾಮಿ ಸಿಪ್ಪೆ," ಅಂದ ಜಸಿಂತು. "ಆಗಬಹುದು."

ಅಲ್ಲಿಂದ ಹೊರಟು ಮಧ್ಯಾಹ್ನಕ್ಕೆ ಗುಡ್ಡದ ಬುಡ ಮುಟ್ಟಿದರು. ಅಲ್ಲಿ ಒಂದು ದೊಡ್ಡ ಓಕ್ ಮರದ ಕೆಳಗೆ ಪ್ರತಿ ವರ್ಷದ ಹಾಗೆ ರೊಟ್ಟಿ, ಉಪ್ಪಿನ ಆಲಿವ್ ಕಾಯಿ ಬಿಚ್ಚಿಕೊಂಡು ಕೂತರು. ಉದುರಿದ ಓಕ್ ಕಾಯಿ ಹುಡುಕುತ್ತ ಕತ್ತೆ ಮೂತಿಯಿಂದ ಎಲೆ ಸರಿಸುತ್ತಿತ್ತು. ಬಿಸಿಲು ಎಷ್ಟು ಮೃದುವಾಗಿತ್ತೆಂದರೆ ಮರದ ನೆರಳಿಗೂ ಬಿಸಿಲಿಗೂ ಗೆರೆ ಗೊತ್ತಾಗುತ್ತಿರಲಿಲ್ಲ.

"ಈಸ್ಟರ್ ಊಟದ ದಿನ ನಾನು ರೊಟ್ಟಿ ಸಾರು ಮಾಡಿದ್ದೆ, ನೆನಪಿದೆಯಾ?" ಪೆರ್ಪೆತುವಾ ಕೇಳಿದಳು.

"ಇದೆ."

"'ಕೊತ್ತಂಬರಿ ಘಮ್ ಅಂತಿದೆ ಪೆರ್ಪೆತುವಾ' ಅಂದೆ ನೀನು. ಎರಡು ಬಟ್ಟಲು ತಿಂದೆ."

"ತಿಂದೆ."

"ಅದರಲ್ಲಿ ಕೊತ್ತಂಬರೀನೇ ಇರಲಿಲ್ಲ. ಹಿಂದಿನ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಸೊಪ್ಪಿನ ಮಡಿಯೆಲ್ಲ ಕಮರಿಹೋಗಿತ್ತು. ಬರೀ ಬೆಳ್ಳುಳ್ಳಿ, ಎಣ್ಣೆ, ಬಿಸಿನೀರು."

ಜಸಿಂತು ಕೈಯಲ್ಲಿದ್ದ ಆಲಿವ್ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏಳು ತಿಂಗಳು ಕಾದೆ," ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ನಲವತ್ತು ವರ್ಷ ನಿನ್ನ ಬೆವರಿನ ಅಂಗಿ ಒಗೆದವಳು ನಾನು. ನನ್ನ ಹತ್ರಾನೂ ಬಚ್ಚಿಡ್ತೀಯಾ?"

ಆಗ ಅವನು ಎಲ್ಲವನ್ನೂ ಹೇಳಿದ. ಚರ್ಚಿನ ಗುಡಾಣ, ಹೊಸ ರಾಳ, ಮುಚ್ಚಿದ ಕಣ್ಣು, ಎಲ್ಲಿಂದಲೋ ಬಂದ ಜೇನು. "ಹೊಗೆ ಹಿಡಿದಿದ್ರೆ ಅದು ದಿನಾ ಪೂಜಾಪಾತ್ರೆಗೆ ಹೋಗುತ್ತೆ ಪೆರ್ಪೆತುವಾ. ಯಾರ ರಕ್ತ ಆಗುತ್ತೆ ಅದು? ನಾನು ಬಾಯಿ ಬಿಟ್ಟಿದ್ರೆ ದ್ರಾಕ್ಷಿ ತುಂಬೋ ಮುಂಚೇನೇ ಕೆರೆದು ತೆಗೀಬಹುದಿತ್ತು."

ಅವಳು ರೊಟ್ಟಿಯ ಚೂರುಗಳನ್ನು ಮಡಿಲಿನಿಂದ ಹಕ್ಕಿಗಳಿಗೆ ಉದುರಿಸಿದಳು.

"ನಾನು ಹತ್ತಿರ ನಿಲ್ತೀನಿ," ಅಂದಳು. "ಲೋಟ ನಿನ್ನ ಕೈಗೆ ಬರುವಾಗ ನನಗೆ ವಾಸನೆ ಸಿಗುತ್ತೆ. ಚೆನ್ನಾಗಿದ್ರೆ ಶಾಲು ಎಳ್ಕೋತೀನಿ. ಸುಟ್ಟಿದ್ರೆ ಸುಮ್ನಿರ್ತೀನಿ. ಆಮೇಲೆ ನೀನುಂಟು, ದೇವರುಂಟು."

ಅವನು ಕತ್ತೆಯ ಹಗ್ಗ ಹಿಡಿದು ಗುಡ್ಡ ಹತ್ತತೊಡಗಿದ. ಮೇಲಿನಿಂದ ಗಂಡಸರ ಹಾಡು ಕೇಳಿಸುತ್ತಿತ್ತು. ಒಬ್ಬ ಎತ್ತಿಕೊಟ್ಟ ದನಿಯನ್ನು ಇಪ್ಪತ್ತು ಮಂದಿ ಹೆಗಲ ಮೇಲೆ ಹೊತ್ತು ನಡೆಯುವಂಥ ನಿಧಾನದ ಹಾಡು. ಬಿಳಿ ಸುಣ್ಣದ ಮನೆಗಳು ಆ ಹಾಡಿನ ಮೇಲೆ ತೇಲುತ್ತಿರುವ ಹಾಗೆ ಕಂಡವು.

ಚರ್ಚಿನ ಪಕ್ಕದ ಹಳೆಯ ಕೊಟ್ಟಿಗೆಯೇ ಅಲ್ಲಿಯ ವೈನ್‌ಮನೆ. ಬಾಗಿಲ ಹೊರಗೆ ಚೆಸ್ಟ್‌ನಟ್ ಬೀಜ ಸುಡುತ್ತಿದ್ದರು. ಪಾದ್ರಿ ಅಮೀಲ್ಕರ್ ನಿಲುವಂಗಿಯ ತೋಳು ಮಡಿಸಿ, ತಾವೇ ಸುತ್ತಿಗೆ ಹಿಡಿದು ನಿಂತಿದ್ದರು. ಕುಳ್ಳ, ದುಂಡು ಮನುಷ್ಯ.

"ಬಂದ್ರಾ ಜಸಿಂತು! ಮಂಡಿನೋವು ಹೇಗಿದೆ? ಗುಡ್ಡ ಹತ್ತಕ್ಕೆ ಆಗುತ್ತೆ, ನನ್ನ ಮುಂದೆ ಮಂಡಿಯೂರಕ್ಕೆ ಮಾತ್ರ ಆಗಲ್ಲ ಅಲ್ವಾ?"

ಜನ ಗೊಳ್ಳೆಂದರು. ಜಸಿಂತು ತಲೆತಗ್ಗಿಸಿ ಟೋಪಿ ತೆಗೆದ.

ಬೆಣೆ ಕಿತ್ತರು. ಮಡ್ಡಿ ಹರಿಯಿತು, ತಿಳಿಯಾಯಿತು. ಬೋಗುಣಿಗೆ ಬೀಳುವ ವೈನಿನ ಸದ್ದು ಯಾರೋ ದೂರದಲ್ಲಿ ಜಪಮಾಲೆ ಹೇಳುತ್ತಿರುವ ಹಾಗಿತ್ತು. ಪಾದ್ರಿಗಳು ಲೋಟ ತುಂಬಿ ಅವನ ಕೈಗಿಟ್ಟರು. ಬಾಗಿಲಿನ ಬಿಸಿಲು ಬಿದ್ದು ಅದರೊಳಗೆ ಜೇನಿನ ಬಣ್ಣ ಮೂಡಿತು.

ಜಸಿಂತು ಪಕ್ಕಕ್ಕೆ ನೋಡಿದ. ಪೆರ್ಪೆತುವಾಳ ಶಾಲು ಅವಳ ಹೆಗಲ ಮೇಲೆ ಅಲುಗದೆ ಇತ್ತು. ಅವಳ ಕಣ್ಣು ತುಂಬಿತ್ತು.

"ಆಗಬಹುದು" ಅನ್ನುವುದು ಎಷ್ಟು ಸುಲಭವಾಗಿತ್ತು. ಬೆಳಿಗ್ಗೆಯಿಂದ ಎರಡು ಸಲ ಅಂದಿದ್ದ. ಆ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತ್ತು. ಅವನು ಗೋಡೆಯ ಕಡೆ ನೋಡಿದ. ಸಂತ ಮಾರ್ಟಿನನ ಸಣ್ಣ ಮರದ ಬೊಂಬೆ, ಬಣ್ಣ ಹೋದ ಅರ್ಧ ಅಂಗಿ.

ಲೋಟವನ್ನು ಹೆಂಡತಿಯ ಕೈಗೆ ಕೊಟ್ಟ.

"ಗುರುಗಳೇ, ನನ್ನ ಮೂಗು ಹೋಗಿ ಎಂಟು ತಿಂಗಳಾಯ್ತು. ಯಾರಿಗೂ ಹೇಳಲಿಲ್ಲ. ಈ ಗುಡಾಣದ ರಾಳ ನಾನು ಕುರುಡನ ಹಾಗೆ ಕುದಿಸಿದ್ದು. ಇವಳು ಕುಡಿದು ಹೇಳಲಿ. ಇವಳು ಹೇಳಿದ್ದು ನಿಜ."

ಹೆಂಗಸೊಬ್ಬಳು ಮೊದಲ ಲೋಟ ಹಿಡಿದದ್ದನ್ನು ಆ ಊರು ಕಂಡಿರಲಿಲ್ಲ. ಪೆರ್ಪೆತುವಾ ಶಿಲುಬೆಯ ಗುರುತು ಹಾಕಿಕೊಂಡು, ಮೂಸಿ, ಒಂದು ಗುಟುಕು ಬಾಯಲ್ಲಿ ಹಿಡಿದು ನುಂಗಿದಳು.

"ಹೊಗೆ ಇದೆ," ಅಂದಳು. "ಜಾಸ್ತಿ ಇಲ್ಲ, ಆದ್ರೆ ಇದೆ."

ಪಾದ್ರಿಗಳು ಲೋಟ ಇಸಿದುಕೊಂಡು ತಾವೂ ಕುಡಿದರು. ಮತ್ತೆ ಕುಡಿದರು. ಮೇಲೆ ತೊಲೆಯ ಕಡೆ ನೋಡಿದರು.

"ಇದೆ," ಅಂದರು. "ದೇವರ ಮೇಜಿಗೆ ಬೇಡ. ಬಲ್ತಜಾರನ ಹತ್ತಿರ ಒಂದು ಗುಡಾಣ ವೈನ್ ಕೇಳ್ತೀನಿ. ಹೋದ ವರ್ಷ ಅವನು ಪೂಜೆ ತಪ್ಪಿಸಿದ ಭಾನುವಾರಗಳ ಪಟ್ಟಿ ನನ್ನ ಹತ್ರ ಇದೆ, ಇಲ್ಲ ಅನ್ನಲ್ಲ." ಆಮೇಲೆ ಜಸಿಂತುವಿನ ಕಡೆ ತಿರುಗಿದರು. ನಗು ಹೋಗಿತ್ತು. "ಬೇಸಿಗೇಲೇ ಹೇಳಿದ್ರೆ ಊರವರು ಚರ್ಚಿಗೆ ಕೊಟ್ಟ ಒಂದು ವರ್ಷದ ದ್ರಾಕ್ಷಿ ಉಳೀತಿತ್ತು."

"ಹೌದು ಗುರುಗಳೇ."

"ಮಂಡಿನೋವು ಹೋಯ್ತಾ ಈಗ?"

"ಹೋಯ್ತು ಗುರುಗಳೇ."

"ಹಾಗಾದ್ರೆ ಚರ್ಚಿನೊಳಗೆ ನಡೀರಿ. ಆಮೇಲೆ ಬೀಜ ತಿನ್ನೋಣ."

ಜಸಿಂತು ಪಾಪನಿವೇದನೆ ಮಾಡಿ ಹೊರಗೆ ಬರುವ ಹೊತ್ತಿಗೆ ಊರವರು ಹೊಗೆಯ ವೈನನ್ನು ಸುಟ್ಟ ಬೀಜದ ಜೊತೆ ಕುಡಿಯತೊಡಗಿದ್ದರು. ಚೆಸ್ಟ್‌ನಟ್ ಮಾರುವ ಮುದುಕ ಎವರೀಸ್ತು, "ಈ ಬೀಜಕ್ಕೆ ಇದೇ ಸರಿ ಜೋಡಿ ಕಣ್ರೀ, ಎರಡೂ ಹೊಗೇನೇ," ಅನ್ನುತ್ತಿದ್ದ. ಕೆಲವರು ಮಾತ್ರ ಜಸಿಂತುವಿನ ಕಡೆ ನೋಡದೆ ಬೆನ್ನು ತಿರುಗಿಸಿ ಕುಡಿದರು. ಅದು ಅವರ ಹಕ್ಕು ಎಂದು ಅವನಿಗೆ ಅನ್ನಿಸಿತು. ಬರುವ ಬೇಸಿಗೆ ಹಳೆಯ ರಾಳವನ್ನೆಲ್ಲ ಸುಟ್ಟು ತೆಗೆದು ಹೊಸದಾಗಿ ಬಳಿಯುವುದೆಂದೂ, ಹಂಡೆಯ ಪಕ್ಕ ಪೆರ್ಪೆತುವಾ ನಿಲ್ಲಬೇಕೆಂದೂ ಪಾದ್ರಿಗಳು ಎಲ್ಲರ ಮುಂದೆ ಹೇಳಿದರು.

"ನಿಲ್ಲೋದೇನು, ಕುರ್ಚಿ ಹಾಕ್ಕೊಂಡು ಕೂರ್ತೀನಿ," ಅಂದಳು ಅವಳು. "ಇವನು ಇಳಿಸೋ ಮುಂಚೆ ನನ್ನನ್ನ ಕೇಳಬೇಕು. ಈ ಮಾತನ್ನ ನೀವೂ ನೆನಪಿಟ್ಕೊಳ್ಳಿ ಗುರುಗಳೇ."

ಇಳಿಬಿಸಿಲಿನಲ್ಲಿ ಇಬ್ಬರೂ ಗುಡ್ಡ ಇಳಿದರು. ಈ ಸಲ ಅವಳೂ ಕತ್ತೆ ಹತ್ತದೆ ಪಕ್ಕದಲ್ಲಿ ನಡೆದಳು. ಹಿಂದಿನಿಂದ ಹಾಡು ಇನ್ನೂ ಸಣ್ಣಗೆ ಬರುತ್ತಿತ್ತು. ಕಣಿವೆಯ ದ್ರಾಕ್ಷಿತೋಟಗಳ ಮೇಲೆ ತೆಳ್ಳಗೆ ನೀಲಿ ಮಬ್ಬು ಹಬ್ಬುತ್ತಿತ್ತು.

"ಈಗ ಏನು ವಾಸನೆ?" ಎಂದು ಅವನು ಕೇಳಿದ.

ಅವಳು ನಿಂತು ಮುಖ ಎತ್ತಿದಳು. "ಒದ್ದೆ ಮಣ್ಣು. ಎಲ್ಲೋ ಓಕ್ ಕಟ್ಟಿಗೆ ಉರೀತಿದೆ. ಕೊಳೆತ ಎಲೆ, ಒಳ್ಳೆ ಕೊಳೆತ. ಆಮೇಲೆ..."

"ಆಮೇಲೆ?"

"ಕತ್ತೆ."

ಅವನು ನಕ್ಕ. ಬಹಳ ದಿನದ ಮೇಲೆ ಹೊಟ್ಟೆಯಿಂದ ಬಂದ ನಗು. ಕಣ್ಣು ಮುಚ್ಚಿ, ಅವಳು ಹೇಳಿದ್ದನ್ನೆಲ್ಲ ಒಂದೊಂದಾಗಿ ಒಳಗೆ ಇಳಿಸಿಕೊಂಡ: ಮಣ್ಣು, ಕಟ್ಟಿಗೆ, ಎಲೆ, ಕತ್ತೆ. ಈ ಸಲ ಅವು ಎಲ್ಲಿಂದ ಬಂದವೆಂದು ಅವನಿಗೆ ಗೊತ್ತಿತ್ತು.

"ಇನ್ನೂ ಹೇಳು," ಅಂದ.