ತಲೆನೋವು ಯಾರಿಗೆ ಹೇಳುವುದು

ಕೇದಾರಕ್ಕೆ ಹೊರಟಿದ್ದ ಸರ್ವಮಂಗಳಮ್ಮನಿಗೆ ತುಮಕೂರಿನ ಡಾಕ್ಟರು ಎತ್ತರದ ತೆಳುಗಾಳಿ ತಡೆಯಲೆಂದು ಮಾತ್ರೆ ಬರೆದುಕೊಟ್ಟರು. "ನಿಧಾನವಾಗಿ ಹತ್ತಿ. ತಲೆ ನೋಯ್ತಿದ್ರೆ ಅಲ್ಲೇ ನಿಂತ್ಬಿಡಿ, ಪಕ್ಕದವ್ರಿಗೆ ಹೇಳಿ. ಜೊತೇಲಿ ಯಾರಿದಾರೆ?"

ಉಪ್ಪಾರಹಳ್ಳಿಯ ಮನೆಯಲ್ಲಿ ಒಬ್ಬಳೇ ಉಣ್ಣುವ ಆಕೆ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡಳು. "ಇವ್ನಿದಾನಲ್ಲ."

"ಅವ್ನು ಮಾತಾಡಲ್ಲಮ್ಮ."

ಅರ್ಧ ಬೆಟ್ಟ ಹತ್ತಿ ಟೆಂಟಿನಲ್ಲಿ ಮಲಗಿದ್ದವಳಿಗೆ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಸೋಮವಾರದ ದರ್ಶನ ತಪ್ಪಬಾರದೆಂದು, ಒಂದೇ ಬಸ್ಸಿನಲ್ಲಿ ಬಂದಿದ್ದ ಯಾತ್ರೆಯ ಗುಂಪಿನವರೆಲ್ಲ ದಡಬಡ ಹೊರಟರು. ಈಕೆ ಯಾಕೆ ಎದ್ದಿಲ್ಲವೆಂದು ಒಬ್ಬರೂ ಕೇಳಲಿಲ್ಲ. ಹಾಳಾಗಿ ಹೋಗಲಿ ಎಂದು ಎದ್ದು ಕೂತು, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು.

"ತಲೆ ನೋಯ್ತಿದೆ ಕಣಪ್ಪ. ನಿನ್ ನೋಡಕ್ಕೇ ಬಂದೆ, ಇನ್ ಹತ್ತಕ್ಕಾಗಲ್ಲ."

ಅಂಗೈಯಲ್ಲಿದ್ದವನು ಮಾತಾಡಲಿಲ್ಲ, ಎದ್ದು ಹೋಗಲೂ ಇಲ್ಲ.