ಕರಡಿಗೆ ಒತ್ತಿದ ಜಾಗ

ಬೆಳ್ಳಿಯ ಕರಡಿಗೆಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ನೀಲಕಂಠಪ್ಪನವರು ಚಪ್ಪಲಿ ಮೆಟ್ಟಿದರು. ಹನುಮಂತನಗರದಿಂದ ಗಾಂಧಿಬಜಾರಿಗೆ ನಡೆದೇ ಹೋಗಿ ಅದನ್ನು ಅಕ್ಕಸಾಲಿಯ ಕೈಲಿ ಕರಗಿಸಿಬಿಡಬೇಕೆಂದು ಬೆಳಗಿನ ಪೂಜೆಯಿಂದ ಏಳುವಾಗಲೇ ನಿಶ್ಚಯಿಸಿದ್ದರು.

ಮದುವೆಯಾಗಿ ಐವತ್ತು ವರ್ಷ ತುಂಬಿದಾಗ ಹೆಂಡತಿ ಶಿವಬಸಮ್ಮನಿಗೆ ಅವರೇ ಮಾಡಿಸಿಕೊಟ್ಟದ್ದು ಅದು. ಇಷ್ಟಲಿಂಗವನ್ನು ಅದರಲ್ಲಿಟ್ಟು ಆಕೆ ಎದೆಯ ಮೇಲೆ ಧರಿಸಿದಳು. ತಿಂಗಳು ಕಳೆಯುವಷ್ಟರಲ್ಲಿ, "ಯಾಕೋ ಇಲ್ಲಿ ಒತ್ತುತ್ತೆ ರೀ" ಎಂದಳು. "ಬೆಳ್ಳಿ ಭಾರ ನಿಂಗೆ ಅಭ್ಯಾಸ ಇಲ್ಲ ಬಿಡು" ಎಂದು ಇವರು ನಕ್ಕಿದ್ದರು. ಒತ್ತಿದ ಜಾಗದಲ್ಲೇ ಡಾಕ್ಟರಿಗೆ ಕ್ಯಾನ್ಸರ್ ಗಂಟು ಸಿಕ್ಕಿತು. ಮೂರು ವರ್ಷ ಔಷಧ ನಡೆದು, ಹೋದ ಕಾರ್ತಿಕದಲ್ಲಿ ಆಕೆ ಲಿಂಗೈಕ್ಯಳಾದಳು. ಲಿಂಗ ಆಕೆಯ ಅಂಗೈಯಲ್ಲೇ ಮಣ್ಣು ಸೇರಿತು, ಕರಡಿಗೆ ಉಳಿಯಿತು. ಅದು ಮೊಮ್ಮಗಳು ಲಿಖಿತಾಳಿಗೆ ಸೇರಲಿ ಎಂದು ಆಕೆ ಹೇಳಿ ಹೋಗಿದ್ದಳು. ಆದರೆ ತಾನು ತೊಡಿಸಿದ ಬೆಳ್ಳಿಯೇ ಒತ್ತಿ ಒತ್ತಿ ಗಂಟಾಯಿತೆಂದು ನಂಬಿದ ನೀಲಕಂಠಪ್ಪನವರ ಜೀವ, ಅದನ್ನು ಇನ್ನೊಂದು ಕೊರಳಿಗೆ ಹೇಗೆ ಹಾಕೀತು?

"ಅಂಕಲ್! ಟ್ಯಾಂಕ್ ತುಂಬಿ ನಮ್ಮ ಒಗೆದ ಬಟ್ಟೆ ಮೇಲೆ ಸುರೀತಿದೆ!" ಪಕ್ಕದ ಮನೆಯ ಅಮ್ಮಣ್ಣಿ ಕೂಗಿದಳು. "ಶಿವಬಸಮ್ಮೋರು ಇದ್ದಿದ್ರೆ ಇವತ್ತು ನಿಮಗೆ ತಿಂಡಿ ಇರ್ತಿರ್ಲಿಲ್ಲ!"

ಲಿಖಿತಾ ಓಡಿಬಂದು ಮೋಟಾರು ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಅದು ಸಿಕ್ಕಿಕೊಂಡಿತ್ತು. ಮೇನ್ ಸ್ವಿಚ್ಚನ್ನೇ ಆರಿಸಬೇಕಾಯಿತು. ಆಮೇಲೆ ಅವಳ ಕಣ್ಣು ತಾತನ ಕೈಯಲ್ಲಿದ್ದ ಕರವಸ್ತ್ರದ ಮೇಲೆ ಬಿತ್ತು.

"ಇದನ್ನ ತಗೊಂಡು ಎಲ್ಲಿಗೆ ತಾತ?"

ಯಾರಿಗೂ ಹೇಳದ ಮಾತನ್ನು ಅವರು ಹೇಳಿಬಿಟ್ಟರು.

ಕಾಲೇಜಿನಲ್ಲಿ ಜೆನೆಟಿಕ್ಸ್ ಓದುತ್ತಿದ್ದ ಹುಡುಗಿ ನಗಲಿಲ್ಲ. ಮೆಟ್ಟಿಲ ಮೇಲೆ ಅವರನ್ನು ಕೂರಿಸಿ ತಾನೂ ಕೂತಳು.

"ಈ ಮೋಟಾರ್ ಕೆಟ್ಟದ್ದಾ ತಾತ? ದಿನಾ ನೀರು ಕೊಡೋದೇ ಇದು. ಹಾಗೇ, 'ಬೆಳೆ' ಅಂತ ಹೇಳೋ ಜೀನ್‌ಗಳು ಎಲ್ಲರ ಮೈಯಲ್ಲೂ ಇವೆ. ಗಾಯ ಮಾಯೋದು, ಮಗು ಬೆಳೆಯೋದು ಅವುಗಳಿಂದಾನೇ. ಅಜ್ಜಿಯ ಒಂದು ಜೀವಕೋಶದಲ್ಲಿ ಅಂಥದ್ದೊಂದು ಆನ್ ಆಗಿ ಹಾಗೇ ಸಿಕ್ಕಾಕ್ಕೊಳ್ತು. ಬೆಳೆ, ಬೆಳೆ ಅಂತಾನೇ ಇತ್ತು. ಒಂದು ಎರಡಾಯ್ತು, ಎರಡು ನಾಲ್ಕಾಯ್ತು, ಗಂಟಾಯ್ತು."

"ಬೆಳ್ಳಿ ಒತ್ತಿಯೇ ಸಿಕ್ಕಾಕ್ಕೊಂಡಿರ್ಬೇಕು."

"ಒತ್ತಿದ್ರೆ ಜೀನ್ ಕೆಡಲ್ಲ ತಾತ. ಆ ಗಂಟು ಬೆಳೆಯೋಕೆ ವರ್ಷಗಳೇ ಹಿಡಿದಿರುತ್ತೆ. ನೀನು ಕರಡಿಗೆ ಕೊಟ್ಟು ಆಗ ಒಂದೇ ತಿಂಗಳು. ಒಳಗೆ ಗಂಟು ಎದ್ದಿತ್ತಲ್ಲ, ಅದಕ್ಕೇ ಕರಡಿಗೆ ಒತ್ತಿದ್ದು. ಒತ್ತದೇ ಇದ್ದಿದ್ರೆ ಅಜ್ಜಿ ಡಾಕ್ಟರ ಹತ್ರ ಹೋಗ್ತಿದ್ಲಾ? ಜ್ವರ ಬಂದ್ರೂ ಕಷಾಯ ಕುಡಿದು ಮಲಗೋಳು."

"ಮತ್ತೆ ಯಾರ ತಪ್ಪು ಮಗಳೇ?"

"ಯಾರದ್ದೂ ಅಲ್ಲ."

ತಾರಸಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನೀಲಕಂಠಪ್ಪನವರು "ಶಿವನೇ" ಎಂದು ಕರವಸ್ತ್ರ ಬಿಚ್ಚಿದರು. ಲಿಖಿತಾ ಬಟ್ಟೆಯಲ್ಲಿ ಕಟ್ಟಿ ಧರಿಸುತ್ತಿದ್ದ ತನ್ನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟಳು. ಅವರು ಅದರ ದಾರವನ್ನು ಅವಳ ಕೊರಳಿಗೆ ಹಾಕಿದರು.

"ಭಾರ ಇದೆ ಕಣೇ. ಎಲ್ಲಾದ್ರೂ ಒತ್ತಿದ್ರೆ ತಕ್ಷಣ ಹೇಳ್ಬೇಕು," ಎಂದರು. "ಈ ಸಲ ನಾನು ನಗಲ್ಲ."