ಟ್ರ್ಯಾಕ್ಟರುಗಳ ಹಿಂದೆ

ಕನ್ನಡಕದ ಎಡಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಗ್ಗಿಸಿ, ಹೆಣದ ಕಿವಿಯ ಹಿಂದೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಇನ್ನೂ ಸೊಟ್ಟಗೇ ಇತ್ತು.

"ಸರಿಹೋಗ್ಲಿಲ್ವಾ ಅಣ್ಣಾ?" ಸತ್ತವನ ಹೆಂಡತಿ ಕೇಳಿದಳು. "ಕನ್ನಡಕ ಇಲ್ದಿದ್ರೆ ಬೇರೆ ಯಾರದೋ ಮುಖ ಅನ್ಸುತ್ತೆ. ಹಾಗೇ ಕಳಿಸೋಕೆ ಮನಸ್ಸು ಬರ್ತಿಲ್ಲ."

"ತಿರುಪು ಸಡಿಲ ಆಗಿದೆ ಅತ್ತಿಗೆ. ಸಣ್ಣ ಸ್ಕ್ರೂಡ್ರೈವರ್ ಬೇಕಿತ್ತು."

ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಕನ್ನಡಕದಂಗಡಿಯಲ್ಲಿ ದುಡಿದವರು. ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದವನು ಈಗ ಸತ್ತು ಮಲಗಿದ್ದ. ಆ ಗಾಜನ್ನು ಹೊರಗಿನ ಮೇಜಿನ ಮೇಲೆ ಫ್ರೇಮಿಗೆ ಕೂರಿಸುತ್ತಿದ್ದವನು ಇವನು. ಆಟಿಕೆ ವ್ಯಾನು ಕೂಡಿಡುವ ಹುಚ್ಚಿದ್ದ ಸತ್ತವನನ್ನು ಇಡೀ ಬೀದಿ ವ್ಯಾನಣ್ಣ ಎನ್ನುತ್ತಿತ್ತು. ಇವನಿಗೆ ಹೆಸರಿಡುವ ಉಸಾಬರಿಗೆ ಯಾರೂ ಹೋಗಿರಲಿಲ್ಲ. ಬಹಳವೆಂದರೆ 'ಫ್ರೇಮಿನವರು' ಅನ್ನುತ್ತಿದ್ದರು, ಅಷ್ಟೇ.

ಹಜಾರ ತುಂಬಿ ಜನ ಮೆಟ್ಟಿಲವರೆಗೂ ನಿಂತಿದ್ದರು. ಬಾಗಿಲ ಹತ್ತಿರ ಅಂಗಡಿಯ ಯಜಮಾನ ಪಕ್ಕದ ಮನೆಯ ದರ್ಜಿಗೆ ಪಿಸುಗುಟ್ಟಿದ, "ನೋಡ್ರೀ, ವ್ಯಾನಣ್ಣನ್ನ ಕರ್ಕೊಂಡು ಹೋಗಕ್ಕೂ ವ್ಯಾನೇ ಬಂದಿದೆ."

"ಇದೊಂದನ್ನ ಬೀರುವಲ್ಲಿ ಇಡಕ್ಕಾಗಲ್ಲ," ಎಂದು ದರ್ಜಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.

ಸತ್ತ ಮೇಲೂ ಜನರನ್ನು ನಗಿಸುತ್ತಾನಲ್ಲ ಎಂದು ಫ್ರೇಮಿನವನಿಗೆ ಹೊಟ್ಟೆ ಉರಿಯಿತು. ತಾನು ಸತ್ತರೆ ಇದರಲ್ಲಿ ಕಾಲು ಭಾಗವಾದರೂ ಜನ ಬಂದಾರೆಯೇ ಎಂದು ಬೆಳಗಿನಿಂದ ತಲೆ ಎಣಿಸುತ್ತಿದ್ದ ಮನುಷ್ಯ ಅವನು.

"ಅವರ ಕೋಣೇಲಿ ವ್ಯಾನಿನ ಬೀರು ಇದ್ಯಲ್ಲ, ಅದರ ಡ್ರಾಯರಲ್ಲಿ ಇರತ್ತೆ ನೋಡಿ," ಎಂದಳು ಹೆಂಡತಿ. "ನೀವೇ ಹೋಗಿ ತಗೊಳ್ಳಿ."

ಬೆಳಗಿನಿಂದ ಅವನು ಕಾದಿದ್ದು ಈ ಮಾತಿಗೇ.

*

ನಿಜ ಹೇಳಬೇಕೆಂದರೆ ವ್ಯಾನಿನ ಹುಚ್ಚು ಮೊದಲು ಹಿಡಿದದ್ದು ಫ್ರೇಮಿನವನಿಗೆ. ಅಂಗಡಿಯ ಎದುರಿನ ಸೂಪರ್‌ಮಾರ್ಕೆಟ್ಟಿನಲ್ಲಿ, ರಟ್ಟಿಗೆ ಅಂಟಿಸಿ ಕೊಕ್ಕೆಗೆ ತೂಗುಹಾಕಿದ ಅಗ್ಗದ ಲೋಹದ ಆಟಿಕೆ ಗಾಡಿಗಳ ನಡುವೆ ಒಂದು ಬಿಳಿ ಮಿನಿವ್ಯಾನ್ ಕಂಡು, ತಂದು ಮೇಜಿನ ಮೇಲಿಟ್ಟುಕೊಂಡಿದ್ದ. ಬೆರಳುದ್ದದ ಗಾಡಿ, ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತು. ಗಾಜಿನವನು ಅದನ್ನು ಅಂಗೈ ಮೇಲೆ ಇಟ್ಟುಕೊಂಡು, "ಎಷ್ಟು ಸಾಧು ಗಾಡಿ ಕಣೋ ಇದು! ಎಲ್ಲರೂ ರೇಸ್ ಕಾರೇ ಹುಡುಕ್ತಾರೆ, ಇದನ್ನ ಕೇಳೋರೇ ಇಲ್ಲ," ಎಂದ. ಮರುದಿನವೇ ತನಗೊಂದು ತಂದ. ಒಂದು ವರ್ಷದೊಳಗೆ ಗಿರಾಕಿಗಳು ಕನ್ನಡಕ ಒಯ್ಯಲು ಬಂದಾಗ ಅವನಿಗೆಂದು ವ್ಯಾನ್ ತಂದುಕೊಡತೊಡಗಿದರು. ವ್ಯಾನಣ್ಣ ಹುಟ್ಟಿದ್ದು ಹಾಗೆ. ಫ್ರೇಮಿನವನು ತನ್ನ ಬಿಳಿ ವ್ಯಾನನ್ನು ಮನೆಗೆ ಒಯ್ದು ಚಪ್ಪಲಿ ಡಬ್ಬಿಗೆ ಹಾಕಿ ಅಟ್ಟಕ್ಕೆ ಎಸೆದ.

ವ್ಯಾನಣ್ಣನ ಹೆಂಡತಿ ವಾರಕ್ಕೆ ಒಂದೇ ಎಂದು ಕಟ್ಟಪ್ಪಣೆ ಮಾಡಿದ್ದಳು. ಸೂಪರ್‌ಮಾರ್ಕೆಟ್ಟಿಗೆ ಒಂದೇ ವಾರ ಎರಡು ಹೊಸ ವ್ಯಾನ್ ಬಂದರೆ ಅವನು ಎರಡನೆಯದನ್ನು ಮರುವಾರ ಕೊಳ್ಳಲೆಂದು ಅಲ್ಲೇ ಕೆಳಗಿನ ಸಾಲಿನ ಆಟಿಕೆ ಟ್ರ್ಯಾಕ್ಟರುಗಳ ಹಿಂದೆ ಬಚ್ಚಿಟ್ಟು ಬರುತ್ತಿದ್ದ. ಟ್ರ್ಯಾಕ್ಟರನ್ನು ಯಾರೂ ಕೊಳ್ಳುತ್ತಿರಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಫ್ರೇಮಿನವನು ಅದನ್ನು ನೋಡಿದ. ಸಂಜೆ ಹೋಗಿ ತಾನೇ ಕೊಂಡುಬಿಟ್ಟ.

ಮರುವಾರ ವ್ಯಾನಣ್ಣ ಮುಖ ಇಷ್ಟಗಲ ಮಾಡಿಕೊಂಡು ಹೋದವನು ಅಷ್ಟೇ ಸಪ್ಪಗೆ ವಾಪಸು ಬಂದ. "ಹೋಯ್ತು ಕಣೋ. ಯಾರೋ ಎತ್ಕೊಂಡ್ ಹೋಗಿದಾರೆ."

ಹಾಲು ಕುಡಿದಷ್ಟು ಸಂತೋಷವಾಯಿತು ಫ್ರೇಮಿನವನಿಗೆ. ಆ ರುಚಿ ಹತ್ತಿದ ಮೇಲೆ ಬಿಡುವುದುಂಟೇ? ಒಂಬತ್ತು ವರ್ಷದಲ್ಲಿ ಹನ್ನೊಂದು ವ್ಯಾನು. ಯಾರಿಗೂ ತೋರಿಸುವಂತಿರಲಿಲ್ಲ; ಎಲ್ಲವೂ ಚಪ್ಪಲಿ ಡಬ್ಬಿಗೇ. ಅವನಿಗೆ ಖುಷಿ ಕೊಡುತ್ತಿದ್ದದ್ದು ಆ ವ್ಯಾನುಗಳಲ್ಲ, ವ್ಯಾನಣ್ಣನ ಬೀರುವಿನಲ್ಲಿ ಹನ್ನೊಂದು ಜಾಗ ಖಾಲಿ ಇದೆ ಎಂಬ ನೆನಪು. "ಮನೆಗೆ ಬಾರೋ, ಬಂದು ನೋಡು," ಎಂದು ವ್ಯಾನಣ್ಣ ನೂರು ಸಲ ಕರೆದಿದ್ದ. ಹೊಟ್ಟೆಕಿಚ್ಚಿಗೆ ಇವನು ಒಮ್ಮೆಯೂ ಹೋಗಿರಲಿಲ್ಲ.

*

ಬೀರುವಿನ ಗಾಜನ್ನು ವ್ಯಾನಣ್ಣನೇ ಉಜ್ಜಿ ಕೂರಿಸಿದ್ದಿರಬೇಕು, ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ಒಳಗೆ ಆರು ಸಾಲು ವ್ಯಾನುಗಳು. ಫ್ರೇಮಿನವನು ತನ್ನ ಡಬ್ಬಿಯಲ್ಲಿದ್ದವನ್ನು ಒಂದೊಂದಾಗಿ ನೆನೆದು ಹುಡುಕಿದ. ಹಸಿರು ಅಂಚೆ ವ್ಯಾನ್ ಇತ್ತು. ಕೆಂಪು ಹಾಲಿನ ವ್ಯಾನ್ ಇತ್ತು. ಮಾಡಿನ ಮೇಲೆ ಏಣಿ ಹೊತ್ತ ನೀಲಿಯದೂ ಇತ್ತು. ಹನ್ನೊಂದಕ್ಕೆ ಹನ್ನೊಂದೂ ಇದ್ದವು.

"ಸಿಕ್ತಾ ಅಣ್ಣಾ?" ಹೆಂಡತಿ ಹಿಂದೆಯೇ ಬಂದಳು. ಅವನು ನೋಡುತ್ತಿದ್ದ ಕಡೆಗೇ ಅವಳೂ ನೋಡಿದಳು. "ಇದೊಂದು ಹುಚ್ಚು ಇವರಿಗೆ. ನಿಮಗೆ ಹೇಳಿದ್ರೋ ಇಲ್ವೋ, ಒಂದ್ಸಲ ಇವರು ಬಚ್ಚಿಟ್ಟಿದ್ದನ್ನ ಯಾರೋ ಹೊಡ್ಕೊಂಡ್ ಹೋದ್ರು. ಅಂಥದ್ದೇ ಇನ್ನೊಂದನ್ನ ಬೇರೆ ಕಡೆ ಹುಡುಕಿ ತಂದ್ಕೊಂಡ್ರು. ಯಾರು ಅಂತ ಆಮೇಲೆ ಗೊತ್ತಾಯ್ತಂತೆ. ಅವತ್ತು ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು."

"ನಕ್ಕ್ರಾ?"

"ಹೂಂ. ಅಲ್ಲಿಂದ ಮುಂದೆ ತಮಗೊಂದು ತಂದ್ಕೊಂಡ ಮೇಲೆ ಅದರ ಜೋಡೀನ ಟ್ರ್ಯಾಕ್ಟರ್ ಹಿಂದೆ ಇಟ್ಟು ಬರೋರು. 'ಅವನಿಗೂ ಇದೇ ಹುಚ್ಚು ಕಣೇ, ಕೈಯಾರೆ ಕೊಟ್ರೆ ಬೇಡ ಅಂತಾನೆ, ಕದ್ದ ಹಾಗಿದ್ರೆ ತಗೋತಾನೆ' ಅನ್ನೋರು. ಮಾರನೇ ದಿನ ಹೋಯ್ತು ಹೋಯ್ತು ಅಂತ ಅಳು ಮುಖ ಮಾಡ್ಬೇಕು ಅಂತ ಕನ್ನಡಿ ಮುಂದೆ ನಿಂತು ಮುಖ ಮಾಡಿ ನೋಡ್ಕೊಳ್ಳೋರು." ನಗು ಬಂತು ಅವಳಿಗೆ, ಹಿಂದೆಯೇ ಅಳು. "ಯಾರು ಅಂತ ಮಾತ್ರ ಕೊನೇವರೆಗೂ ಬಾಯಿ ಬಿಡ್ಲಿಲ್ಲ. ನಿಮಗೇನಾದ್ರೂ ಗೊತ್ತಾ ಅಣ್ಣಾ?"

"ಇಲ್ಲ ಅತ್ತಿಗೆ."

"ನಿಮಗೆ ಯಾವುದಾದ್ರೂ ಬೇಕಿದ್ರೆ ತಗೊಳ್ಳಿ. ಅವರ ನೆನಪಿಗೆ."

"ನನಗ್ಯಾಕೆ ಅದೆಲ್ಲ," ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಗೆ ಬಂದ. ತಿರುಪು ಬಿಗಿ ಮಾಡುವಾಗ ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ದುಃಖಕ್ಕೆ ಎಂದುಕೊಂಡು ಯಜಮಾನ ಅವನ ಬೆನ್ನು ಸವರಿದ. ದುಃಖವೂ ಇದ್ದಿರಬಹುದು, ಆದರೆ ಅದಕ್ಕಿಂತ ಮೇಲೆ ಉರಿಯುತ್ತಿದ್ದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಒಂಬತ್ತು ವರ್ಷ ತಾನು ಗೆದ್ದೆ ಎಂದುಕೊಂಡಾಗಲೆಲ್ಲ, ಮೊದಲ ಸಲವೊಂದು ಬಿಟ್ಟು, ಈ ಮನುಷ್ಯನೇ ಗೆಲ್ಲಿಸಿದ್ದ. ಈಗ ಕನ್ನಡಕ ಸರಿಯಾಗಿ ಕೂತಿತು. ವ್ಯಾನಣ್ಣ ವ್ಯಾನಣ್ಣನ ಹಾಗೇ ಕಂಡ.

*

ಮಣ್ಣು ಹಾಕಿ ವಾಪಸಾಗುವಾಗ ಅವನ ಕಾಲು ತಾನಾಗಿಯೇ ಸೂಪರ್‌ಮಾರ್ಕೆಟ್ಟಿಗೆ ತಿರುಗಿತು. ಬಗ್ಗಿ ಟ್ರ್ಯಾಕ್ಟರುಗಳ ಹಿಂದೆ ಕೈ ಹಾಕಿದ. ಏನೂ ಇರಲಿಲ್ಲ.

ಎದ್ದು ನಿಂತಾಗ ಮೇಲಿನ ಕೊಕ್ಕೆಯಲ್ಲಿ ಕಂಡಿತು. ಹಳದಿ ಮಿನಿವ್ಯಾನ್, ಎರಡೂ ಕಡೆ ಸರಿಯುವ ಬಾಗಿಲು. ಇಂಥದ್ದು ಬೀರುವಿನಲ್ಲಿ ಇರಲಿಲ್ಲ, ಖಂಡಿತ ಇರಲಿಲ್ಲ.

"ಇದು ಯಾವಾಗ ಬಂತಮ್ಮಾ?" ಎಂದು ಗಲ್ಲಾದಲ್ಲಿ ಕೂತಿದ್ದ ಹೆಂಗಸನ್ನು ಕೇಳಿದ.

"ಇವತ್ತು ಬೆಳಿಗ್ಗೆ ಬಂದಿದ್ದು ಸಾರ್. ಒಂದೇ ಪೀಸು."

ವ್ಯಾನಣ್ಣನ ಹತ್ತಿರ ಇಲ್ಲದ್ದು. ಇನ್ನು ಯಾವತ್ತೂ ಇರಲಾರದ್ದು. ಅದನ್ನು ಹಿಡಿದುಕೊಂಡು ಗಲ್ಲಾದವರೆಗೆ ಹೋದ. ಮುಂದೆ ಇಬ್ಬರಿದ್ದರು. ಅವರದು ಮುಗಿದು ಹೆಂಗಸು ಕೈ ಚಾಚಿದಾಗ ಅವನು ತಿರುಗಿ ನಡೆದ.

ಮಂಡಿಯೂರಿ ಟ್ರ್ಯಾಕ್ಟರುಗಳನ್ನು ಮುಂದಕ್ಕೆ ಎಳೆದು, ಹಳದಿ ವ್ಯಾನನ್ನು ಅವುಗಳ ಹಿಂದೆ ಗೋಡೆಗೆ ತಾಗುವಂತೆ ನಿಲ್ಲಿಸಿದ. ಹೊರಗಿನಿಂದ ಕಾಣುತ್ತದೆಯೇ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕಾಣುತ್ತಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಹೋಗಿ ಟ್ರ್ಯಾಕ್ಟರುಗಳ ಹಿಂದೆ ಇಣುಕಿದ. ಯಾರೂ ಎತ್ತಿಕೊಂಡು ಹೋಗಿರಲಿಲ್ಲ. ವ್ಯಾನ್ ಅಲ್ಲೇ ಇತ್ತು.